ಪಿಯಾನೊ ಟೀಚರ್ ಬಿಟ್ಟುಹೋದ ಕಾಗದಗಳು

ಪತ್ರ: ನಮ್ಮ ದೊಡ್ಡಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದರು. ಪಿಯಾನೊ ಕಛೇರಿ ಕೊಡುತ್ತಿದ್ದರು, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಈಗ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ಮನೆ ಖಾಲಿ ಮಾಡಬೇಕು. ಟ್ರಂಕ್ ತುಂಬ ಅವರ ಕಾಗದಗಳಿವೆ. ಸರ್ಟಿಫಿಕೇಟ್ ಇಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕೋಣ, ಖಾಸಗಿ ಪತ್ರಗಳನ್ನು ಸುಟ್ಟುಬಿಡೋಣ ಅಂತಾರೆ ಮನೆಯವರು. ಏನು ಮಾಡಲಿ?
— ಓದುಗಿ, ಮಾಟುಂಗ, ಮುಂಬಯಿ

ಉತ್ತರ: ದಯವಿಟ್ಟು ರದ್ದಿಯವನನ್ನು ಈಗಲೇ ಕರೆಯಬೇಡಿ. ಸರ್ಟಿಫಿಕೇಟ್ ಕಳೆದರೆ ಇನ್ನೊಂದು ಪ್ರತಿ ಕೇಳಿ ಪಡೆಯಬಹುದು. ನೀವು ರದ್ದಿಗೆ ಹಾಕಲು ಹೊರಟಿರುವ ಕಾಗದ ಬೇರೆಲ್ಲೂ ಸಿಗುವುದಿಲ್ಲ.

ನೊಟೇಶನ್ ಪುಸ್ತಕಗಳನ್ನೇ ತೆರೆದು ನೋಡಿ. ಯಾವ ಸ್ವರವನ್ನು ಯಾವ ಬೆರಳಿನಿಂದ ನುಡಿಸಬೇಕು ಅಂತ ಸ್ವರಗಳ ಮೇಲೆ ಪೆನ್ಸಿಲ್‌ನಲ್ಲಿ 1ರಿಂದ 5ರವರೆಗೆ ಅಂಕಿಗಳಿರುತ್ತವೆ. ಹೆಬ್ಬೆರಳು 1, ಕಿರುಬೆರಳು 5. ಅಚ್ಚಾದ ಅಂಕಿ ಹೊಡೆದು ಬೇರೆ ಬರೆದಿದ್ದರೆ, ಆ ಜಾಗ ತಮ್ಮ ಕೈಗೋ ಯಾವುದೋ ಮಗುವಿನ ಪುಟ್ಟ ಕೈಗೋ ಎಟುಕಲಿ ಅಂತ ಬದಲಿಸಿದ್ದಾರೆ. ಪಕ್ಕದಲ್ಲಿ ತಾರೀಖೂ ಇದ್ದರೆ ಅವತ್ತಿನ ಪಾಠವೇ ನಿಮಗೆ ಸಿಕ್ಕಿತು. ಮೊದಲ ಪುಟದಲ್ಲಿ ಅಂಗಡಿಯ ಮೊಹರು ಇದೆಯಾ ಅಂತಲೂ ನೋಡಿ. ಧೋಬಿ ತಲಾವ್‌ನ ಫುರ್ಟಾಡೋಸ್ ಅನ್ನುವ ಸಂಗೀತದ ಅಂಗಡಿ 1865ರಿಂದ ಇದೆ. ಈ ಊರಿನ ಪಿಯಾನೊ ಮನೆಗಳಿಗೆ ಪುಸ್ತಕ ಎಲ್ಲಿಂದ ಬಂತು ಅನ್ನೋದಕ್ಕೆ ಅಂಥ ಮೊಹರೇ ಸಾಕ್ಷಿ.

ಇಂಥ ಕಾಗದ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಜರ್ಮನಿಯ ಕ್ಲಾರಾ ಶೂಮನ್ (1819–1896) ದೊಡ್ಡ ಪಿಯಾನೊ ವಾದಕಿ. 1878ರಿಂದ ಫ್ರಾಂಕ್‌ಫರ್ಟ್‌ನ ಸಂಗೀತಶಾಲೆಯಲ್ಲಿ ಗುರುವೂ ಆಗಿದ್ದರು. ಬಾಲ್ಯದಿಂದ ಕೊನೆಯ ಕಛೇರಿಯವರೆಗಿನ ಸುಮಾರು 1300 ಕಾರ್ಯಕ್ರಮ ಪಟ್ಟಿಗಳನ್ನು ಕೂಡಿಟ್ಟಿದ್ದರು. ಎಲ್ಲಿ, ಯಾವಾಗ, ಏನು ನುಡಿಸಿದರು ಅಂತ ಇವತ್ತು ತಿಳಿಯುವುದು ಅವುಗಳಿಂದಲೇ. ಅವರ ಡೈರಿ ಶುರುಮಾಡಿದ್ದು ತಂದೆ. ಮಗಳ ಪರವಾಗಿ ‘ನಾನು’ ಅಂತ ಅವರೇ ಬರೆಯುತ್ತಿದ್ದರು. ಕೈಬರಹ ಉಳಿಯದೆ ಬರೀ ಅಚ್ಚಿನ ಪ್ರತಿ ಇದ್ದಿದ್ದರೆ, ಅಲ್ಲಿ ಮಾತಾಡುತ್ತಿರುವುದು ಮಗುವೇ ಅಂತ ನಂಬಿಬಿಡುತ್ತಿದ್ದೆವು, ಅಲ್ವಾ?

ಇನ್ನು ಸುಡುವ ಮಾತು. ಕ್ಲಾರಾ ಮತ್ತು ಸಂಗೀತಕಾರ ಬ್ರಾಮ್ಸ್ ತಮ್ಮ ಪತ್ರಗಳನ್ನು ಒಬ್ಬರಿಗೊಬ್ಬರು ವಾಪಸ್ ಕೊಟ್ಟುಕೊಂಡರು. ಬಹಳಷ್ಟು ನಾಶವಾದವು. ಕ್ಲಾರಾ ತಮ್ಮವನ್ನು ನಾಶಮಾಡುತ್ತಿದ್ದಾಗ ಹಿರಿಮಗಳು ಮಾರೀ ತಡೆದರು. ಅದರಿಂದ ಒಂದಿಷ್ಟು ಉಳಿಯಿತು. ನಿಮ್ಮ ಮನೆಯಲ್ಲಿ ಹಾಗೆ ತಡೆಯಬಲ್ಲವರು ನೀವೇ.

ಮನೆಯವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಇಟ್ಟುಕೊಂಡದ್ದನ್ನೆಲ್ಲ ಊರಿಗೆ ಓದಿ ಹೇಳಬೇಕಾಗಿಲ್ಲ. ಬೇರೆಯವರು ದೊಡ್ಡಮ್ಮನಿಗೆ ಬರೆದ ಪತ್ರದ ಕಾಗದ ನಿಮ್ಮದು, ಅದನ್ನು ಅಚ್ಚುಹಾಕುವ ಹಕ್ಕು ಬರೆದವರದು, ಅವರಿಲ್ಲದಿದ್ದರೆ ವಾರಸುದಾರರದು. ಅಂಥವನ್ನು ಲಕೋಟೆಯಲ್ಲಿಟ್ಟು, ಇಂಥ ವರ್ಷದವರೆಗೆ ತೆರೆಯಬಾರದು ಅಂತ ಷರತ್ತು ಬರೆಯಿರಿ.

ಟ್ರಂಕ್‌ನಲ್ಲಿದ್ದ ಕ್ರಮ ಕೆಡಿಸಬೇಡಿ. ಯಾವ ಕಾಗದ ಯಾವುದರ ಜೊತೆಗಿತ್ತು ಅನ್ನೋದೂ ಮುಖ್ಯ. ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಸೆಲ್ಲೋಟೇಪ್, ಲ್ಯಾಮಿನೇಷನ್ ಬೇಡವೇ ಬೇಡ. ಫೋಟೊ ಹಿಂದೆ ಹೆಸರು ಬರೆಯಲು ಮೆದು ಪೆನ್ಸಿಲ್ ಸಾಕು. ಮುಂಬಯಿ ಮಳೆಯಲ್ಲಿ ತೇವ ಜಾಸ್ತಿ, ಕಾಗದವನ್ನು ನೆಲಕ್ಕೂ ಹೊರಗೋಡೆಗೂ ತಾಗಿಸಿ ಇಡಬೇಡಿ.

ಆಮೇಲೆ ಒಂದು ಪಟ್ಟಿ ಮಾಡಿ. ಸಂಗೀತದ ಕಾಗದಗಳಿಗೆ ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ)ಯಲ್ಲಿ, ಕನ್ನಡದವಕ್ಕೆ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪಟ್ಟಿ ತೋರಿಸಿ, ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ನಮಗೂ ಒಂದು ಪ್ರತಿ ಕಳಿಸಿ. ನೀವು ಒಪ್ಪಿದರೆ ದೊಡ್ಡಮ್ಮನವರ ಹೆಸರು ಹಾಕಿ, ಅವರ ಹತ್ತಿರ ಕಲಿತವರಿಂದ ನೆನಪುಗಳನ್ನು ಕೇಳಿ ಬರೆಸುತ್ತೇವೆ.
— ಸಂಪಾದಕ