ಹಳೇ ಹಾಡು, ಈಗಿನ ದನಿ

ಪ್ರಶ್ನೆ: ನಾನೇ ಬರೆದು, ರಾಗ ಹಾಕಿ ಹಾಡುವವಳು. ಹದಿನೈದು ವರ್ಷದ ಹಿಂದೆ ಗಿಟಾರ್ ಹಿಡಿದು ಗಂಟಲು ಬಿಟ್ಟು ಹಾಡುತ್ತಿದ್ದೆ. ಈಗ ಕೀಬೋರ್ಡ್, ಮೆಲುದನಿ, ಪದಗಳೂ ಕಮ್ಮಿ. ಮುಂದಿನ ತಿಂಗಳು ನೆರೆ ಸಂತ್ರಸ್ತರ ಸಹಾಯಾರ್ಥ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಕೊಟ್ಟಿದ್ದಾರೆ. ಆಯೋಜಕರಿಗೆ ಹಳೆಯ ಹಾಡುಗಳೇ ಬೇಕಂತೆ. ಏನು ಮಾಡಲಿ?

ಉತ್ತರ: ಹಳೆಯದನ್ನೇ ಹಾಡಿ. ಆದರೆ ಹದಿನೈದು ವರ್ಷದ ಹಿಂದಿನ ದನಿ ತರಲು ಹೋಗಬೇಡಿ.

ನಾನು ಹೋಗಿ ಕೆಟ್ಟವನು. ಇಂಥದ್ದೇ ಕಾರ್ಯಕ್ರಮ. ಇಪ್ಪತ್ತೆರಡರಲ್ಲಿ ಕಟ್ಟಿದ ಹಾಡನ್ನು ನಲವತ್ತಾರರಲ್ಲಿ ಅದೇ ಶ್ರುತಿಗೆ ಎತ್ತಿಕೊಂಡೆ. ಪಲ್ಲವಿ ಹೇಗೋ ದಾಟಿತು. ಎರಡನೇ ಚರಣದಲ್ಲಿ ಮೇಲಕ್ಕೆ ಹೋದಾಗ ದನಿ ಒಡೆಯಿತು. ಮುಂದೆ ಕೂತಿದ್ದ ಮಗು ಅಮ್ಮನ ಮುಖ ನೋಡಿತು. ಜನ ಚಪ್ಪಾಳೆ ತಟ್ಟಿದರು, ಪಾಪ, ಒಳ್ಳೆ ಕೆಲಸಕ್ಕೆ ಬಂದವರು ಅಲ್ವಾ! ಮನೆಗೆ ಬಂದು ಶ್ರುತಿ ಇಳಿಸಿ, ನಿಧಾನಕ್ಕೆ ಹಾಡಿಕೊಂಡೆ. ಅಬ್ಬರ ಹೋಗಿ ಪದ ಕೇಳಿಸಿತು. ಇಷ್ಟು ವರ್ಷ ಕೋಪದ ಹಾಡು ಅಂದುಕೊಂಡಿದ್ದೆ, ಅದು ಅಳುವಿನ ಹಾಡಾಗಿತ್ತು.

ನೀವೂ ಶ್ರುತಿ ಇಳಿಸಿ. ಶ್ರುತಿಯನ್ನು ತಾನೇ ಏರಿಸಿ ಇಳಿಸುವ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಮಾತ್ರ ಒತ್ತಬೇಡಿ. ಹೊಸ ಶ್ರುತಿಯನ್ನು ಬೆರಳಿಗೇ ಕಲಿಸಿ. ಬೆರಳು ತಡವರಿಸುವ ಕಡೆಯೇ ಹೊಸ ಸ್ವರ ಸಿಗುತ್ತದೆ.

ಅಮೆರಿಕದ ಹಾಡುಗಾರ ಬಾಬ್ ಡಿಲನ್ 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರ್ ತಂದಾಗ ಕೆಲವರು ಕೂಗಾಡಿದ್ದರು. 1971ರ ಆಗಸ್ಟ್ 1ರಂದು ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಕಾರ್ಯಕ್ರಮಕ್ಕೆ ಅದೇ ಡಿಲನ್ ಕರೆಂಟಿಲ್ಲದ ಅಕೂಸ್ಟಿಕ್ ಗಿಟಾರ್, ಮೌತ್ ಆರ್ಗನ್ ಹಿಡಿದು ಬಂದರು. ಹಾಡಿದ್ದೆಲ್ಲ ಅರವತ್ತರ ದಶಕದ್ದೇ. ಆ ದಿನಕ್ಕೆ ಅದು ಬೇಕಿತ್ತು, ಅಷ್ಟೇ.

ನಡುವೆ ಒಂದೇ ಒಂದು ಹೊಸ ಹಾಡು ಸೇರಿಸಿ. "ಇದು ನನ್ನ ಹೊಸ ಶೈಲಿ" ಅಂತ ಪೀಠಿಕೆ ಹಾಕಬೇಡಿ. ಸುಮ್ನೆ ಶುರು ಮಾಡಿ.

ನೀವು ಕೇಳದ ಇನ್ನೊಂದು ಮಾತು. ಹಣ ಯಾರ ಖಾತೆಗೆ ಹೋಗುತ್ತದೆ ಅಂತ ಆಯೋಜಕರನ್ನು ವಿಚಾರಿಸಿದಿರಾ? 1971ರ ಆ ನ್ಯೂಯಾರ್ಕ್ ಕಾರ್ಯಕ್ರಮದವರು ತೆರಿಗೆ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿರಲಿಲ್ಲ. ಆಲ್ಬಂ, ಸಿನಿಮಾದಿಂದ ಬಂದ ದೊಡ್ಡ ಮೊತ್ತ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಟಿಕೆಟ್ ಮಾರುವ ಮೊದಲೇ ಕೇಳಿ. ಸಂಕೋಚ ಬೇಡ, ಪೋಸ್ಟರಿನಲ್ಲಿ ನಿಮ್ಮ ಹೆಸರೂ ಇರುತ್ತದೆ.