ವಾಪಸ್ ಬರುವ ಮೇಲ್‌ನಲ್ಲಿ ಎಂತ ಬರೀಬೇಕು?

ಪ್ರಶ್ನೆ: ನಮ್ಮದು ಗೇರುಬೀಜ ಫ್ಯಾಕ್ಟರಿ, ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳೋದು ನಾನೇ, ಅದಕ್ಕೆ ಪೋಸ್ಟ್‌ಫಿಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದ್ದೇವೆ. ಕೆಲಸ ಬಿಟ್ಟು ಹೋದವರ ಹಳೇ ವಿಳಾಸಕ್ಕೆ ಪಾರ್ಟಿಯವರು ಆರ್ಡರ್ ಕಳಿಸ್ತಾರೆ, ಅವರಿಗೆ ಏನೋ ಉದ್ದದ ಇಂಗ್ಲಿಷ್ ವಾಪಸ್ ಹೋಗ್ತದೆ, ಅದರ ಫೋಟೋ ತೆಗ್ದು ವಾಟ್ಸಾಪ್‌ಗೆ ಹಾಕಿ "ಎಂತ ಮಾರಾಯ್ರೆ ಇದು" ಅಂತಾರೆ. ಅದನ್ನ ಕನ್ನಡದಲ್ಲೇ ಬರೀಲಿಕ್ಕೆ ಆಗ್ತದಾ?
ಓದುಗರು, ಬೈಕಂಪಾಡಿ

ಉತ್ತರ: ಅರ್ಧ ಆಗ್ತದೆ. ಹೊರಗಿನವರಿಗೆ ಹೋಗುವ ಆ ಉದ್ದದ ಪತ್ರ ನೀವು ಬರೆದದ್ದೇ ಅಲ್ಲ, ಅವರು ಜಿಮೇಲ್‌ನಲ್ಲಿದ್ರೆ ಜಿಮೇಲ್ ಬರೆದದ್ದು. ನಿಮ್ಮ ಸರ್ವರ್ ಹೇಳೋದು ಒಂದೇ ಸಾಲು, 550 5.1.1 ಅಂತ ನಂಬರು (ಅಂಥ ವಿಳಾಸ ಇಲ್ಲಿಲ್ಲ ಅಂತ ಅರ್ಥ), ಆಮೇಲೆ ನಾಲ್ಕು ಮಾತು, ಅದನ್ನೇ ಅವರು ಪತ್ರದ ಕೆಳಗೆಲ್ಲೋ ಅಂಟಿಸ್ತಾರೆ. ನಂಬರು ಮುಟ್ಲಿಕ್ಕೆ ಹೋಗ್ಬೇಡಿ, ಅದು ಮಿಷನ್ ಓದ್ಲಿಕ್ಕೆ ಇರೋದು, 5ರಲ್ಲಿ ಶುರುವಾದ್ರೆ ಪುನಃ ಕಳಿಸಬೇಡ, 4 ಆದ್ರೆ ಸ್ವಲ್ಪ ಹೊತ್ತು ಬಿಟ್ಟು ನೋಡು ಅಂತ. ಅದರ ನಂತರದ ಮಾತು ಮಾತ್ರ ನಿಮ್ಮ ಕೈಲಿ ಉಂಟು. ಸುಮ್ನೆ "ಯೂಸರ್ ಅನ್‌ನೋನ್" ಅಂತ ಬಿಡೋ ಬದಲು ಇವರು ಈಗ ಇಲ್ಲಿಲ್ಲ, ಆರ್ಡರ್ ಇದ್ರೆ ಸೇಲ್ಸ್ ವಿಳಾಸಕ್ಕೆ ಹಾಕಿ, ಆಫೀಸಿನ ಫೋನ್ ಇದು ಅಂತ ಬರೀರಿ, ಆದ್ರೆ ಇಂಗ್ಲಿಷಲ್ಲೇ. ಆ ಸಾಲಿಗೆ ಮಾಮೂಲಿ ಇಂಗ್ಲಿಷ್ ಅಕ್ಷರ ಬಿಟ್ರೆ ಬೇರೆಯದ್ದು ಹಾಕುವ ಹಾಗಿಲ್ಲ, 2012ರಲ್ಲಿ ಬೇರೆ ಲಿಪಿಗೂ ನಿಯಮ ಬಂತು ನಿಜ, ಆದ್ರೆ ಎರಡೂ ಕಡೆಯ ಸರ್ವರ್ ಒಪ್ಪಿದ್ರೆ ಮಾತ್ರ ನಡೀತದೆ.

ಕನ್ನಡ ಹಾಕ್ಲಿಕ್ಕೆ ಜಾಗ ಇರೋದು ಇನ್ನೊಂದು ಕಡೆ. ನಿಮ್ಮವರು ಕಳಿಸಿದ ಮೇಲ್ ಹೊರಗೆ ಹೋಗದೆ ನಿಮ್ಮ ಸರ್ವರೇ ವಾಪಸ್ ಪತ್ರ ಬರೀತದಲ್ಲ, ಅದಕ್ಕೆ ಪೋಸ್ಟ್‌ಫಿಕ್ಸ್‌ನಲ್ಲಿ ಬೌನ್ಸ್ ಟೆಂಪ್ಲೇಟ್ ಅಂತ ಫೈಲ್ ಉಂಟು, ವಾಪಸ್ ಪತ್ರದ ಮಾದರಿ ಅದ್ರಲ್ಲಿರೋದು, ಅದರ ಕ್ಯಾರೆಕ್ಟರ್ ಸೆಟ್ ಅನ್ನು ಯುಟಿಎಫ್-8 (ಕನ್ನಡದಂಥ ಲಿಪಿಗೂ ಆಗುವ ಅಕ್ಷರ ಪದ್ಧತಿ) ಮಾಡಿ ಕನ್ನಡದಲ್ಲೇ ಬರೀಬಹುದು.

ಒಂದು ಮಾತ್ರ ಮಾಡ್ಬೇಡಿ, ಎಲ್ಲಾ ಮೇಲ್ ಒಳಗೆ ತಗೊಂಡು ಆಮೇಲೆ ಚಂದದ ಪತ್ರ ಬರೆದು ವಾಪಸ್ ಕಳಿಸುವ ಉಪಾಯ. ಸ್ಪ್ಯಾಮ್‌ನವರು ಯಾರದ್ದೋ ಹೆಸರಲ್ಲಿ ಕಳಿಸಿರ್ತಾರೆ, ನಿಮ್ಮ ಪತ್ರ ಆ ಪಾಪದವರಿಗೆ ಹೋಗ್ತದೆ. ಬಾಗಿಲಲ್ಲೇ ಬೇಡ ಅಂದ್ಬಿಡಿ.

ಹಾಂ, ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಆಚೆ ಸರ್ವರ್ ಬಂದ್ ಇದ್ರೆ ಪೋಸ್ಟ್‌ಫಿಕ್ಸ್ 5 ದಿನ ಪ್ರಯತ್ನ ಮಾಡ್ತಾ ಇರ್ತದೆ, ಅಷ್ಟು ದಿನ ಕಳಿಸಿದವರಿಗೆ ಒಂದಕ್ಷರ ಹೇಳೋದಿಲ್ಲ, ಯಾಕಂದ್ರೆ ಡಿಲೇ ವಾರ್ನಿಂಗ್ ಅನ್ನೋ ಸೆಟ್ಟಿಂಗ್, ಅಂದ್ರೆ ಮೇಲ್ ತಡ ಆಗ್ತಾ ಉಂಟು ಅಂತ ಎಷ್ಟು ಗಂಟೆ ಬಿಟ್ಟು ತಿಳಿಸಬೇಕು ಅನ್ನೋದು, ಮೊದಲಿಂದ ಸೊನ್ನೆಯಲ್ಲೇ, ಅಂದ್ರೆ ಬಂದ್ ಇರ್ತದೆ. ಅದನ್ನ 4 ಗಂಟೆ ಮಾಡಿ, ಕೊಟೇಶನ್ ಹೋಗ್ಲಿಲ್ಲ ಅಂತ ಅದೇ ದಿನ ಗೊತ್ತಾದ್ರೆ ಫೋನ್ ಆದ್ರೂ ಮಾಡಬಹುದಲ್ವಾ.