ಉಡುಗೊರೆ ಒಲ್ಲೆ ಅನ್ನುವ ಗೆಳತಿಯ ಹುಟ್ಟುಹಬ್ಬಕ್ಕೆ ಏನು ಕೊಡಲಿ?

ತತ್ವ ಬಿಡದ ಗೆಳತಿ, ಏನು ಕೊಟ್ಟರೂ ವಾಪಸ್ ಮಾಡುತ್ತಾಳೆ, ಆದರೂ ಅವಳ ಮೇಲಿನ ಮೆಚ್ಚುಗೆಯನ್ನು ಹುಟ್ಟುಹಬ್ಬದ ದಿನ ತೋರಿಸಬೇಕು. ಇದೇ ಅಲ್ವಾ ನಿಮ್ಮ ಪ್ರಶ್ನೆ? ಅಂಥ ಗೆಳತಿ ನನಗೂ ಇದ್ದಾಳೆ. ಒಂದು ಸೀರೆಯಿಂದ ಅವಳನ್ನು ವರ್ಷಗಟ್ಟಲೆ ಕಳೆದುಕೊಂಡಿದ್ದೆ.

ಧಾರವಾಡದಲ್ಲಿ ಓದುವಾಗ ನಾವಿಬ್ಬರೂ ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯವರು. ಓದು ಮುಗಿದ ಮೇಲೆ ಅವಳು ಗದಗ ತಾಲ್ಲೂಕಿನ ಒಂದು ಹಳ್ಳಿಯ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿ ಆದಳು. ನಮ್ಮ ಅಪ್ಪನ ಬೆಳೆ ಸಾಲವೂ ಅದೇ ಸಂಘದಲ್ಲಿತ್ತು. ಅವಳಿಗೆ ಆ ಕುರ್ಚಿಯ ಬಗ್ಗೆ ಬಹಳ ಹೆಮ್ಮೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದನ್ನು ಕಟ್ಟಿದ್ದು 1905ರಲ್ಲಿ, ಸರ್ಕಾರ ಸಹಕಾರಿ ಕಾಯ್ದೆ ತಂದ ಮರುವರ್ಷವೇ. 'ಇಲ್ಲೇ ಹುಟ್ಟಿದ್ದನ್ನ ಇಲ್ಲೇ ಕೆಡಿಸಬಾರದು' ಅನ್ನುತ್ತಿದ್ದಳು.

ಆ ವರ್ಷ ಅಪ್ಪ ಮೆಣಸಿನಕಾಯಿಯನ್ನು ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ರೇಟಿಗೆ ಕಾಯುತ್ತಾ ಕೂತರು. ಮಾರಿ ದುಡ್ಡು ಕೈಗೆ ಬರುವಷ್ಟರಲ್ಲಿ ಸಾಲದ ಗಡುವು ದಾಟಿತ್ತು. ಬೆಳೆ ಸಾಲ ಗೊತ್ತಿಲ್ಲದವರಿಗೆ ಒಂದು ಮಾತು. ಆಗ 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಇರಲಿಲ್ಲ (2023ರ ಬಜೆಟ್‌ನಲ್ಲಿ ಅದನ್ನು 5 ಲಕ್ಷ ಮಾಡಿದರು). ಆದರೆ ಇದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ದಾಟಿದರೆ ಸರ್ಕಾರ ಕೊಡುವ ಬಡ್ಡಿ ಹೋಯಿತು, ಅದು ರೈತನ ತಲೆ ಮೇಲೆ.

ಅದೇ ವಾರ ಅವಳ ಹುಟ್ಟುಹಬ್ಬ. ಬೆಟಗೇರಿಯ ನೇಕಾರರ ಮನೆಗೆ ಹೋಗಿ ಅವಳಿಗೆ ಒಪ್ಪುವ ಬಣ್ಣ ಹುಡುಕಿ ಸೀರೆ ತಂದಿದ್ದೆ. ಪ್ರೀತಿಯಿಂದಲೇ ತಂದಿದ್ದು, ಇದನ್ನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಕೊಟ್ಟೆ, ಚಹಾ ಕುಡಿದೆ. ಹೊರಡುವಾಗ ಬಾಗಿಲಲ್ಲಿ ನಿಂತು, 'ಅಪ್ಪ ನಾಳೆ ರೊಕ್ಕ ಕಟ್ಟಲಿಕ್ಕೆ ಬರ್ತಾರ, ಪಾವತಿಗೆ ಹೋದ ವಾರದ ತಾರೀಖು ಹಾಕಿಬಿಡು' ಅಂದೆ. ಪಾವತಿ ಅಂದರೆ ನಮ್ಮ ಕಡೆ ರಸೀದಿ.

ಅವಳು ಒಳಗೆ ಹೋಗಿ ಸೀರೆ ತಂದು ನನ್ನ ಕೈಗಿಟ್ಟಳು. 'ಇದನ್ನ ಇಟ್ಕೊಂಡ್ರ ನಾಳೆ ನಿಮ್ಮಪ್ಪನ ಪಾವತಿ ಬರೆಯೂ ಮುಂದ ನನ್ನ ಕೈ ಹ್ಯಾಂಗ ಓಡ್ತೈತಿ?'

ನನ್ನ ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಅಲ್ಲೇ ಕಾಲಿಡುವ ಹಾಗೆ ಕಾಣುತ್ತಿದೆ. ಸೀರೆ ಕೊಟ್ಟದ್ದು ತಪ್ಪಲ್ಲ. ಬರೀ ಸೀರೆ ಕೊಟ್ಟು ಬಂದಿದ್ದರೆ ಬಹುಶಃ ಉಡುತ್ತಿದ್ದಳು. ತಾರೀಖಿನ ಮಾತನ್ನಷ್ಟೇ ಕೇಳಿದ್ದರೂ ಆಗೋದಿಲ್ಲ ಅಂತ ಬೈದು ಇನ್ನೊಂದು ಕಪ್ ಚಹಾ ಕೊಡುತ್ತಿದ್ದಳು. ಎರಡನ್ನೂ ಒಂದೇ ಸಂಜೆ ಮಾಡಿದೆ. ಅದರಿಂದ ಸೀರೆ ಲಂಚವಾಯಿತು. ಅಷ್ಟೇ ಅಲ್ಲ, ಅದಕ್ಕೂ ಮೊದಲು ನಾನು ಕೊಟ್ಟದ್ದೆಲ್ಲ ಇದಕ್ಕೇ ಇತ್ತೇನೋ ಅಂತ ಅವಳಿಗೆ ಅನುಮಾನ ಬರುವ ಹಾಗಾಯಿತು. ನಾನು ಕೇಳಿದ್ದು ಸಣ್ಣ ಕೆಲಸ ಅಂದುಕೊಂಡಿದ್ದೆ. ಆಗೆಲ್ಲ ಕೈಬರಹದ ಲೆಕ್ಕ. ಪಾವತಿ ಪುಸ್ತಕದಲ್ಲಿ ನಂಬರು ಸಾಲಾಗಿ ಇರುತ್ತದೆ, ಆ ದಿನದ ರೊಕ್ಕ ಆ ದಿನವೇ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಹತ್ತಿರುತ್ತದೆ. ಹಿಂದಿನ ತಾರೀಖು ಹಾಕಬೇಕಂದರೆ ಮುಗಿದ ದಿನದ ಲೆಕ್ಕವನ್ನೇ ತಿದ್ದಬೇಕು. ನನ್ನ ಬಾಯಲ್ಲಿ ಒಂದು ತಾರೀಖು, ಅವಳ ಪಾಲಿಗೆ ಸುಳ್ಳು ಲೆಕ್ಕ.

ಮರುದಿನ ಅಪ್ಪ ಬಡ್ಡಿ ಸಮೇತ ಕಟ್ಟಿ ಬಂದರು. ನಾನು ಸಿಟ್ಟಿನಿಂದ ಮಾತು ಬಿಟ್ಟೆ. ನಮ್ಮ ಓಣಿಯ ಲಗ್ನಗಳಿಗೆ ಅವಳನ್ನು ಕರೆಯದ ಹಾಗೆಯೂ ಮಾಡಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಅಪ್ಪ ಹೊಲ ಲಾವಣಿಗೆ (ಗೇಣಿಗೆ) ಕೊಟ್ಟು, ಇಷ್ಟು ದಿನ ಕೂಡಿಟ್ಟ ದುಡ್ಡನ್ನೆಲ್ಲ ಅದೇ ಸಂಘದಲ್ಲಿ ಠೇವಣಿ ಇಟ್ಟರು. ಬ್ಯಾಂಕಿನಲ್ಲಿ ಇಡಬಾರದಿತ್ತಾ ಅಂತ ನಾನು ಜಗಳಕ್ಕೇ ನಿಂತೆ. ಅವರು ಹೇಳಿದ್ದು ಇಷ್ಟೇ: 'ಜೀವದ ಗೆಳತಿ ಕೇಳಿದ್ರ ಬಗ್ಗಲಿಲ್ಲ ಆ ಹುಡುಗಿ. ಅಧ್ಯಕ್ಷ ಕೇಳಿದ್ರ ಬಗ್ತಾಳೇನು?' ನನಗೆ ಅವಮಾನ ಅನ್ನಿಸಿದ್ದರಲ್ಲಿ ಅಪ್ಪ ಭದ್ರತೆ ಕಂಡಿದ್ದರು. ಅವತ್ತೇ ಅವಳ ಮನೆಗೆ ಹೋದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ಅವಳು ಬೇಡ ಅನ್ನದಂಥ ಉಡುಗೊರೆ ಯಾವುದು' ಅಂತ ಕೇಳಿದ್ದೀರಿ. ಅವಳ ಬೇಡ ಅನ್ನುವ ಗುಣವನ್ನು ಮೆಚ್ಚುತ್ತೀರಿ, ಹುಟ್ಟುಹಬ್ಬದ ದಿನ ಅದನ್ನೇ ತಪ್ಪಿಸಲು ದಾರಿ ಹುಡುಕುತ್ತೀರಿ. ಪುಸ್ತಕ, ಗಿಡ, ಅವಳ ಹೆಸರಿನಲ್ಲಿ ಅನ್ನದಾನ ಅಂತೆಲ್ಲ ಬರೆದಿದ್ದೀರಲ್ಲ, ಯಾವುದಾದರೂ ಆಗಬಹುದು, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಥವರಿಗೆ ಸುಮ್ನೆ 'ನೀನು ಗ್ರೇಟ್' ಅಂದರೂ ಹಿಡಿಸುವುದಿಲ್ಲ. ಅವಳು ನಿಮಗೇ ಇಲ್ಲ ಅಂದ ಒಂದು ಸಂದರ್ಭ ನೆನಪು ಮಾಡಿಕೊಳ್ಳಿ. ಅವತ್ತು ನೀನು ಮಾಡಿದ್ದೇ ಸರಿ ಅಂತ ಅವಳ ಎದುರಿಗೆ ಕೂತು ಹೇಳಿ. ನಾನು ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಿದಳು. ಆ ಒಂದು ಪಾವತಿಯಿಂದ ಊರಲ್ಲಿ ಯಾರ್‍ಯಾರು ಅವಳ ಮನೆಗೆ ಬರುವುದು ಬಿಟ್ಟಿದ್ದರು ಅನ್ನುವುದು ನನಗೆ ಗೊತ್ತಾಗಿದ್ದೇ ಆಗ.

ಈಗ ಅವಳ ಹುಟ್ಟುಹಬ್ಬಕ್ಕೆ ನಾನು ಮನೆಯಿಂದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತೇನೆ, ಇಬ್ಬರೂ ಕೂತು ಉಣ್ಣುತ್ತೇವೆ. ಅದಕ್ಕೆ ಅವಳು ಒಲ್ಲೆ ಅಂದಿಲ್ಲ.

ನಿಮ್ಮ ಗೆಳತಿ ಎಲ್ಲಿ ಕೆಲಸ ಮಾಡುತ್ತಾಳೆ ಅಂತ ನೀವು ಬರೆದಿಲ್ಲ. ಅವಳ ಟೇಬಲ್ ಮೇಲೆ ನಿಮ್ಮದೋ ನಿಮ್ಮ ಮನೆಯವರದೋ ಕಾಗದ ಏನಾದರೂ ಬಾಕಿ ಇದೆಯಾ? ಇದ್ದರೆ ಅದು ತೀರುವವರೆಗೆ ಹೂವು ಕೂಡ ಒಯ್ಯಬೇಡಿ.